ಯಾವುದಾದರೂ ಒಂದಕ್ಕೆ ಉತ್ತರಿಸಿ

ಗಾದೆ ವಿಸ್ತರಿಸುವ ಪ್ರಶ್ನೆ ಎಂದರೆ ನಮ್ಮ ತರಗತಿಯ ಕೊನೆಯ ಬೆಂಚಿನವರಿಗೂ ಧೈರ್ಯ. ಯಾವ ಗಾದೆ ಕೊಟ್ಟರೂ ಶುರು ಮಾಡುವುದು ಒಂದೇ ರೀತಿ: ಗಾದೆಗಳು ವೇದಗಳಿಗೆ ಸಮಾನ, ವೇದ ಸುಳ್ಳಾದರೂ ಗಾದೆ ಸುಳ್ಳಾಗದು, ಗಾದೆಗಳು ಹಿರಿಯರ ಅನುಭವದ ನುಡಿಮುತ್ತುಗಳು. ಇಷ್ಟು ಬರೆಯುವ ಹೊತ್ತಿಗೆ ನಾಲ್ಕು ಸಾಲು ತುಂಬಿರುತ್ತದೆ, ಕೈ ನಡುಕ ನಿಂತಿರುತ್ತದೆ, ಕೊಟ್ಟಿರುವ ಗಾದೆ ಯಾವುದೆಂದು ನೋಡಲು ಪುರುಸೊತ್ತೂ ಸಿಕ್ಕಿರುತ್ತದೆ. ಕೊನೆಗೆ ‘ಹೀಗೆ ಈ ಗಾದೆಯು ನಮ್ಮ ಬಾಳಿಗೆ ದಾರಿದೀಪವಾಗಿದೆ’ ಎಂದು ಮುಗಿಸಿದರೆ ಮೂರರಲ್ಲಿ ಎರಡು ಅಂಕಕ್ಕೆ ಮೋಸವಿಲ್ಲ. ಗಾದೆಯ ಅರ್ಥ ಗೊತ್ತಿರಬೇಕಾದದ್ದು ನಡುವಿನ ಆ ಒಂದು ಅಂಕಕ್ಕೆ ಮಾತ್ರ.

ಇದರಲ್ಲಿ ಇನ್ನೂ ಒಂದು ಅನುಕೂಲ ಇದೆ. ಎರಡು ಗಾದೆ ಕೊಟ್ಟು, ಯಾವುದಾದರೂ ಒಂದನ್ನು ವಿಸ್ತರಿಸಿ ಎನ್ನುತ್ತಾರೆ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ‘ಮಾತು ಬೆಳ್ಳಿ, ಮೌನ ಬಂಗಾರ’ ಎಂದು ಒಂದು ಬಂದಿತ್ತು. ಅದರ ಕೆಳಗೇ ‘ಮಾತು ಬಲ್ಲವನಿಗೆ ಜಗಳವಿಲ್ಲ’. ನಾನು ಮೊದಲನೆಯದನ್ನು ಹಿಡಿದುಕೊಂಡೆ, ಪಕ್ಕದ ಗೆಳತಿ ಎರಡನೆಯದನ್ನು. ಬಾಯಿ ಮುಚ್ಚಿಕೊಂಡಿರುವುದೇ ಲೇಸು ಎಂದು ನಾನೂ, ಬಾಯಿದ್ದವರೇ ಬದುಕುವುದು ಎಂದು ಅವಳೂ ಸಾಧಿಸಿದೆವು. ಇಬ್ಬರಿಗೂ ಎರಡೂವರೆ ಅಂಕ ಬಂತು. ಎರಡೂ ಹೇಗೆ ಸರಿಯಾಗುತ್ತದೆ ಎಂದು ಕನ್ನಡ ಟೀಚರ್ ಹತ್ತಿರ ಕೇಳಿದೆ. “ಯಾವುದನ್ನ ಆರಿಸಿಕೊಂಡ್ರಿ ಅನ್ನೋದಕ್ಕೆ ಅಂಕ ಇಲ್ಲಮ್ಮ. ಆರಿಸಿಕೊಂಡಿದ್ದನ್ನ ಹೆಂಗೆ ಸಮರ್ಥಿಸಿಕೊಂಡ್ರಿ ಅನ್ನೋದಕ್ಕೆ ಇರೋದು” ಎಂದರು. ಈ ನಿಯಮ ಶಾಲೆಯ ಕಾಂಪೌಂಡಿನಿಂದ ಆಚೆಗೂ ಜಾರಿಯಲ್ಲಿದ್ದಿದ್ದರೆ ಎಸ್ಸೆಸ್ಸೆಲ್ಸಿ ಓದುವವರ ಅರ್ಧ ಕಷ್ಟ ಕಡಿಮೆಯಾಗುತ್ತಿತ್ತು.

ಎಸ್ಸೆಸ್ಸೆಲ್ಸಿ ಓದುವುದು ಒಬ್ಬರಾದರೂ ಅದನ್ನು ಅನುಭವಿಸುವುದು ಮನೆಮಂದಿಯೆಲ್ಲ. ತೀರ್ಥಹಳ್ಳಿಯಿಂದ ಬರುವ ಬಸ್ಸಿಳಿದು ತೋಟದ ದಾರಿ ಹಿಡಿದು ನಡೆದರೆ ಸಿಗುವ ನಮ್ಮ ಮನೆಯಲ್ಲಿ ಜೂನ್‌ನಿಂದಲೇ ಟೀವಿಯ ದನಿ ನಿಂತಿದೆ. ಟೀವಿಯನ್ನೇ ನಿಲ್ಲಿಸಬೇಕೆಂದು ಅಪ್ಪಯ್ಯನ ಮನಸ್ಸಿನಲ್ಲಿತ್ತು; ಅಜ್ಜಿಯ ಧಾರಾವಾಹಿ ಅಡ್ಡ ಬಂತು. ಕೊನೆಗೆ ಚಿತ್ರ ಇರಲಿ, ದನಿ ಬೇಡ ಎಂದು ರಾಜಿಯಾಯಿತು. ಅಜ್ಜಿಗೇನೂ ನಷ್ಟವಾದಂತಿಲ್ಲ. “ಅಳೋದು ಯಾರು, ಅಳಸೋದು ಯಾರು ಅಂತ ಮುಖ ನೋಡಿದ್ರೆ ಗೊತ್ತಾಗಲ್ವನೇ? ಮಾತೆಂತಕ್ಕೆ?” ಎನ್ನುತ್ತಾಳೆ. ಮೌನ ಬಂಗಾರ ಎಂಬುದಕ್ಕೆ ಉದಾಹರಣೆ ಬೇಕಿದ್ದರೆ ನಮ್ಮ ಮನೆಯಲ್ಲೇ ಇತ್ತು.

ಬಂದವರೆಲ್ಲ ಕೇಳುವುದು ಆರುನೂರ ಇಪ್ಪತ್ತೈದರ ಲೆಕ್ಕವನ್ನೇ. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಕ್ಕೆ ತಲಾ ನೂರು, ಒಟ್ಟು 625. ಪೂರ್ತಿ ನೂರುಗಳಲ್ಲದ ಕಾರಣ ಶೇಕಡಾ ಎಷ್ಟು ಎಂದು ಬಾಯಿಲೆಕ್ಕ ಹಾಕುವುದು ಸುಲಭವಲ್ಲ. ಆದರೆ ನಮ್ಮ ಕಡೆಯ ಮದುವೆ ಮನೆಗಳಲ್ಲಿ ಪಂಕ್ತಿಯಲ್ಲಿ ಕೂತ ಮಾವಂದಿರು ಸಾರು ಬರುವುದರೊಳಗೆ ಆ ಲೆಕ್ಕ ಮುಗಿಸುತ್ತಾರೆ. 563 ಮುಟ್ಟಿದರೆ ಎ ಪ್ಲಸ್ ಎಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಸಾಕ್ಷಾತ್ ಗಣಿತ ಮೇಷ್ಟರೂ ಕ್ಯಾಲ್ಕುಲೇಟರ್ ಹುಡುಕುವ ಜಾಗ ಅದು.

ಇನ್ನು ಶಾಲೆಯ ಕೆಲಸದಲ್ಲಿ ನನಗೆ ಬಹಳ ಇಷ್ಟವಾದದ್ದು ಪತ್ರಲೇಖನ. ‘ನಿಮ್ಮನ್ನು ಇಂಥ ಊರಿನ ಇಂಥ ಶಾಲೆಯ ಇಂಥವರೆಂದು ಭಾವಿಸಿಕೊಂಡು’ ಎಂದು ಪ್ರಶ್ನೆ ಶುರುವಾಗುತ್ತದೆ. ಒಂಬತ್ತು ಮತ್ತು ಹತ್ತನೇ ತರಗತಿಯಲ್ಲಿ ನಾನು ಭಾವಿಸಿಕೊಳ್ಳದ ಊರಿಲ್ಲ. ವಿಜಯಪುರದವಳಾಗಿ ಕುಡಿಯುವ ನೀರು ಕೇಳಿದ್ದೇನೆ, ಮಂಗಳೂರಿನವಳಾಗಿ ರಸ್ತೆ ದುರಸ್ತಿ ಕೇಳಿದ್ದೇನೆ, ಶಾಲಾ ವಾರ್ಷಿಕೋತ್ಸವದ ವರದಿ ಪ್ರಕಟಿಸಿರೆಂದು ಪತ್ರಿಕೆಯ ಸಂಪಾದಕರನ್ನು ಕಾಡಿದ್ದೇನೆ. ನಮ್ಮೂರಿಗೆ ಬಸ್ ಬಿಡಿ ಎಂದು ಸಾರಿಗೆ ಅಧಿಕಾರಿಗಳಿಗೆ ನಮ್ಮ ತರಗತಿಯವರು ಬರೆದ ಪತ್ರಗಳನ್ನೆಲ್ಲ ನಿಜವಾಗಿ ಅಂಚೆಗೆ ಹಾಕಿದ್ದರೆ ಮನೆಗೊಂದು ಬಸ್ ಬರುತ್ತಿತ್ತು. ಸರ್ಕಾರ 2023ರಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಮಾಡಿತು. ನಮ್ಮ ದಾರಿಯಲ್ಲಿ ಓಡುವುದು ಪ್ರೈವೇಟ್ ಬಸ್ಸು. ಹಾಗಾಗಿ ಅಜ್ಜಿ ಇವತ್ತಿಗೂ ಸೆರಗಿನ ಗಂಟು ಬಿಚ್ಚಿ ದುಡ್ಡು ಕೊಡುತ್ತಾಳೆ, ನಾನು ಇವತ್ತಿಗೂ ಅಧಿಕಾರಿಗಳಿಗೆ ಬರೆಯುತ್ತಿದ್ದೇನೆ.

ವೈಯಕ್ತಿಕ ಪತ್ರದ ಸೊಗಸೇ ಬೇರೆ. ಪಕ್ಕದ ಕೋಣೆಯಲ್ಲಿ ಕೆಮ್ಮುತ್ತಿರುವ ಅಪ್ಪಯ್ಯನಿಗೆ ‘ತೀರ್ಥರೂಪು ತಂದೆಯವರಿಗೆ ನಿಮ್ಮ ಮಗಳು ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ, ನಿಮ್ಮ ಕ್ಷೇಮಕ್ಕೆ ಆಗಾಗ ಪತ್ರ ಬರೆಯುತ್ತಿರಿ’ ಎಂದು ಬರೆಯಬೇಕು. ಶೈಕ್ಷಣಿಕ ಪ್ರವಾಸಕ್ಕೆ ದುಡ್ಡು ಕೇಳುವುದು ಹೆಚ್ಚಾಗಿ ವಿಷಯ. ಬಾಯಲ್ಲಿ ಕೇಳಿದಾಗ ‘ನೋಡಣ’ ಎಂದ ಅಪ್ಪಯ್ಯ, ನೋಟ್‌ಬುಕ್ಕಿನಲ್ಲಿ ಬರೆದ ಪತ್ರವನ್ನು ಓದಿ, ಟೀಚರ್ ಹಾಕಿದ ಕೆಂಪು ಇಂಕಿನ ‘ಉತ್ತಮ’ ಎಂಬುದನ್ನೂ ಕಂಡು, ದುಡ್ಡು ಕೊಟ್ಟಿದ್ದ. ಆಗಿನಿಂದ ನನಗೆ ಈ ಪ್ರಕಾರದ ಮೇಲೆ ಗೌರವ.

ಗಣಿತದ್ದು ಮಾತ್ರ ಇಷ್ಟು ಸಲೀಸಲ್ಲ. ಥೇಲ್ಸನ ಪ್ರಮೇಯವನ್ನು ನಮ್ಮ ಪಕ್ಕದ ಬೆಂಚಿನವಳು ಎಬಿಸಿ ತ್ರಿಭುಜದಲ್ಲಿ ಬಾಯಿಪಾಠ ಮಾಡಿದ್ದಳು. ಕಿರುಪರೀಕ್ಷೆಯಲ್ಲಿ ಪಿಕ್ಯೂಆರ್ ತ್ರಿಭುಜ ಬಂತು. ಪಠ್ಯಕ್ರಮದಲ್ಲಿ ಇಲ್ಲದ್ದನ್ನು ಕೇಳಿದ್ದಾರೆಂದು ಅವಳು ಇಡೀ ಸಂಜೆ ವಾದಿಸಿದಳು. ಇಂಥವರಿಗೆಂದೇ ಶಾಲೆಗಳಲ್ಲಿ ‘ಪಾಸಿಂಗ್ ಪ್ಯಾಕೇಜ್’ ಎಂದು ಒಂದು ಕೈಪಿಡಿ ಮಾಡುತ್ತಾರೆ: ಖಂಡಿತ ಬರುವ ಪ್ರಶ್ನೆ, ಖಂಡಿತ ಬರುವ ಚಿತ್ರ, ಖಂಡಿತ ಬರುವ ಪ್ರಮೇಯ. ಒಂದೆರಡು ನಕ್ಷೆ, ಹೂವಿನ ನೀಳಛೇದ, ಮನುಷ್ಯನ ಹೃದಯ, ಇಷ್ಟು ಬಂದರೆ ದಡ ಸೇರಬಹುದು. ಸುಮಾರಾಗಿ ಓದುವ ನಮ್ಮಂಥವರಿಗೆ ಅದನ್ನು ಕೊಡುವುದಿಲ್ಲ. ನಾವು ಪುಸ್ತಕವನ್ನು ಪೂರ್ತಿ ಓದಬೇಕು. ಓದಿದವರಿಗೆ ಶಿಕ್ಷೆ, ಓದದವರಿಗೆ ಸಾರಾಂಶ ಎಂದು ನಾನು ಗೊಣಗಿದ್ದಕ್ಕೆ ವಿಜ್ಞಾನದ ಮೇಷ್ಟ್ರು, “ನಿಂಗೂ ಒಂದು ಕೊಡ್ತೀನಿ, ಆಮೇಲೆ ಬರೀ ಪಾಸಾಯ್ತು ಅಂತ ಅಳಬಾರ್ದು” ಎಂದರು. ಬೇಡವೆಂದು ಸುಮ್ಮನಾದೆ.

ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಶುರು ಮಾಡಿದ್ದು 2024ರಲ್ಲಿ. ಹಿಂದಿನ ವರ್ಷ ಶೇ. 83.89 ಇದ್ದ ಫಲಿತಾಂಶ ಆ ವರ್ಷದ ಮೊದಲ ಪರೀಕ್ಷೆಯಲ್ಲಿ ಶೇ. 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಧಾರಾಳವಾಗಿ ಕೊಟ್ಟ ಮೇಲೆ. ಅಂದರೆ ಕ್ಯಾಮೆರಾ ಬರುವ ತನಕ ಎಷ್ಟೋ ಕಡೆ ಪರೀಕ್ಷೆ ಒಂದು ಸಾಮೂಹಿಕ ಕಾರ್ಯಕ್ರಮವಾಗಿತ್ತು ಎಂದಾಯಿತು. ನನಗಿರುವ ಚಿಂತೆ ಬೇರೆ. ಯೋಚನೆ ಮಾಡುವಾಗ ನಾನು ಮಾಡು ನೋಡುತ್ತೇನೆ, ಬೆರಳೆಣಿಸುತ್ತೇನೆ, ಛಂದಸ್ಸಿನ ಪ್ರಶ್ನೆಗೆ ಯಮಾತಾರಾಜಭಾನಸಲಗಂ ಎಂದು ತುಟಿ ಆಡಿಸುತ್ತೇನೆ. ದೂರದಲ್ಲೆಲ್ಲೋ ಕೂತು ಪರದೆ ನೋಡುವ ಪುಣ್ಯಾತ್ಮರಿಗೆ ಇದು ಗಣ ವಿಂಗಡಣೆಯೋ ಹಿಂದಿನ ಬೆಂಚಿಗೆ ಸನ್ನೆಯೋ ಹೇಗೆ ಗೊತ್ತಾಗಬೇಕು? ಪ್ರಶ್ನೆಪತ್ರಿಕೆ ಓದಿಕೊಳ್ಳಲೆಂದು ಕೊಡುವ ಹದಿನೈದು ನಿಮಿಷವಿದೆಯಲ್ಲ, ಅದನ್ನು ನಾನು ಕ್ಯಾಮೆರಾ ಎದುರು ಗಂಭೀರವಾಗಿ ಕೂರುವ ಅಭ್ಯಾಸಕ್ಕೆ ಬಳಸುವವಳಿದ್ದೇನೆ.

ಇಷ್ಟೆಲ್ಲದರ ನಡುವೆ ನಮ್ಮಲ್ಲಿ ಅಡಿಕೆ ಕೊಯ್ಲು ಬರುತ್ತದೆ. ಸುಲಿಯುವ ಯಂತ್ರ ಎಲ್ಲ ಕಡೆ ಬಂದಿದ್ದರೂ ನಮ್ಮ ಮನೆಯಲ್ಲಿ ಇನ್ನೂ ಮೆಟ್ಟುಗತ್ತಿಯೇ. ರಾತ್ರಿ ಊಟವಾದ ಮೇಲೆ ಅಕ್ಕಪಕ್ಕದ ಹೆಂಗಸರು ಬಂದು ಜಗುಲಿಯಲ್ಲಿ ಸಾಲಾಗಿ ಕೂರುತ್ತಾರೆ. ಬಲ್ಬಿನ ಕೆಳಗೆ ಹಸಿ ಅಡಿಕೆಯ ರಾಶಿ, ಒಂದು ಕಡೆ ಸಿಪ್ಪೆಯ ಗುಡ್ಡ, ಎಲ್ಲರ ಬೆರಳೂ ಚೊಗರಿನಿಂದ ಕಪ್ಪು. ಸುಲಿದದ್ದನ್ನು ಡಬ್ಬದಲ್ಲಿ ಅಳೆದು ಹಾಕುತ್ತಾರೆ, ಡಬ್ಬಕ್ಕೆ ಇಷ್ಟೆಂದು ಕೂಲಿ. ಪರೀಕ್ಷೆಯ ವರ್ಷವೆಂದು ನನ್ನನ್ನು ಕತ್ತಿಯ ಮುಂದೆ ಕೂರಿಸಲಿಲ್ಲ. ‘ಪುಸ್ತಕ ಹಿಡ್ಕಂಡು ಅಲ್ಲೇ ಕೂತ್ಕ, ಲೆಕ್ಕ ಬರ್ಕ’ ಎಂದ ಅಪ್ಪಯ್ಯ. ಒಂದು ತೊಡೆಯ ಮೇಲೆ ಸಮಾಜ ವಿಜ್ಞಾನ, ಇನ್ನೊಂದರ ಮೇಲೆ ಸುಲಿತದ ಪುಸ್ತಕ.

ಆ ಪುಸ್ತಕದಲ್ಲಿ ಎಡಕ್ಕೆ ಹೆಸರು, ಆಮೇಲೆ ತಾರೀಕು, ಡಬ್ಬದ ಲೆಕ್ಕಕ್ಕೆ ಗೀಟು, ಐದನೆಯದು ಅಡ್ಡಗೀಟು. ಮುಂಗಡ ತಗೊಂಡಿದ್ದರೆ ಬಲಗಡೆ. ವಾರದ ಕೊನೆಗೆ ಕೂಡಿ ಕಳೆದು ಬಟವಾಡೆ. ಒಂದು ವಾರ ಸುಲಿದವರ ಡಬ್ಬಗಳ ಮೊತ್ತಕ್ಕೂ ಅಟ್ಟಕ್ಕೆ ಹೋದ ಅಡಿಕೆಯ ಲೆಕ್ಕಕ್ಕೂ ಒಂದು ಡಬ್ಬ ವ್ಯತ್ಯಾಸ ಬಂತು. ಅಪ್ಪಯ್ಯ ‘ಹೋಗ್ಲಿ ಬಿಡೇ’ ಅಂದ. ನನಗೆ ಬಿಡಲು ಮನಸ್ಸಾಗಲಿಲ್ಲ. ಹಿಂದಿನ ಪುಟಗಳನ್ನೆಲ್ಲ ತಿರುವಿ ನೋಡಿದರೆ ಇಬ್ಬರು ಹೆಂಗಸರು ಸೇರಿ ತುಂಬಿಸಿದ ಡಬ್ಬವನ್ನು ಇಬ್ಬರ ಹೆಸರಿಗೂ ಗೀಟು ಹಾಕಿಸಿಕೊಂಡಿದ್ದರು. ಜಗಳವಿಲ್ಲದೆ ಅರ್ಧರ್ಧ ಮಾಡಿದ್ದಾಯಿತು. ಲೆಕ್ಕ ತಾಳೆಯಾದ ಆ ರಾತ್ರಿ ನನಗಾದ ಖುಷಿ, ರಸಾಯನ ವಿಜ್ಞಾನದ ಸಮೀಕರಣ ಸರಿದೂಗಿಸಿದಾಗಲೂ ಆಗಿರಲಿಲ್ಲ. ಅಪ್ಪಯ್ಯ ಶಿವಮೊಗ್ಗಕ್ಕೆ ಹೋಗಿ ಮ್ಯಾಮ್‌ಕೋಸ್‌ಗೆ ಅಡಿಕೆ ಹಾಕಿ ಬಂದರೆ ಪಟ್ಟಿ ಓದುವುದೂ ನಾನೇ. ಬೆಳೆಗಾರರೇ ಸೇರಿ 1939ರಲ್ಲಿ ಕಟ್ಟಿದ ಸಂಘ ಅದು. ಬೆಳೆದವರ ಅಡಿಕೆಗೆ ಬೆಳೆದವರೇ ಲೆಕ್ಕ ಬರೆಯಲು ಕೂತರಲ್ಲ ಎಂಬುದು ನನಗೆ ಇಷ್ಟವಾಗುವ ಸಂಗತಿ.

ಪಟ್ಟಿಯಲ್ಲಿ ಅಡಿಕೆಗೆ ಜಾತಿ ಇರುತ್ತದೆ: ಸರಕು, ಬೆಟ್ಟೆ, ರಾಶಿ, ಗೊರಬಲು. ದರವೆಲ್ಲ ಆ ಹೆಸರಿನ ಮೇಲೆ. ಆದರೆ ಮರ ಒಂದೇ. ಎಳೆಯದಿದ್ದಾಗ ಕೊಯ್ದರೆ ಸರಕು, ಬಲಿತು ಹಣ್ಣಾಗಲು ಬಿಟ್ಟರೆ ಗೊರಬಲು. ನಮಗೂ ಒಂದು ದಿನ ನಿಗದಿಯಾಗಿದೆ, ಆವತ್ತು ಕೊಯ್ದು ಹೆಸರು ಹಚ್ಚುತ್ತಾರೆ. ಬಲಿಯದವರೂ ಇರುತ್ತಾರೆ, ಆ ದಿನ ಜ್ವರ ಬಂದವರೂ ಇರುತ್ತಾರೆ. ಪರೀಕ್ಷಾ ಮಂಡಳಿಯವರಿಗೂ ಇದು ಹೊಳೆದಿರಬೇಕು: 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆ ಮಾಡಿ, ಯಾವುದರಲ್ಲಿ ಹೆಚ್ಚು ಬಂತೋ ಅದನ್ನೇ ಉಳಿಸಿಕೊಳ್ಳಿ ಎಂದರು. ನಮ್ಮ ದೊಡ್ಡಪ್ಪ ಇದನ್ನು ಕೇಳಿ ಬಹಳ ಹೊತ್ತು ಮಾತಾಡಲಿಲ್ಲ. ಅವರ ಕಾಲದಲ್ಲಿ ಮಾರ್ಚಿನಲ್ಲಿ ಡುಮ್ಕಿ ಹೊಡೆದವರು ಸೀದಾ ತೋಟಕ್ಕೆ ಇಳಿಯುತ್ತಿದ್ದರು. “ನಂಗೂ ಮೂರು ಸಲ ಬಿಟ್ಟಿದ್ರೆ ತಾಸೀಲ್ದಾರ ಆಗ್ತಿದ್ದೆ” ಎಂದರು. ದೊಡ್ಡಮ್ಮ ಒಳಗಿನಿಂದಲೇ, “ಮೊದ್ಲು ಈ ಸಲದ ಔಷಧಿ ಹೊಡ್ಸಿ” ಎಂದಳು.

ಆದರೆ ಹತ್ತಾದ ಮೇಲೆ ಮುಂದೇನು ಎಂಬ ಪ್ರಶ್ನೆಗೆ ಎರಡನೇ ಸಲ ಪರೀಕ್ಷೆ ಇಲ್ಲ. ಅಲ್ಲಿಯೂ ಊರಿನವರು ಹಚ್ಚುವ ಹೆಸರುಗಳಿವೆ: ಹೆಚ್ಚು ಬಂದವರು ಸೈನ್ಸು, ಸುಮಾರು ಬಂದವರು ಕಾಮರ್ಸು, ಉಳಿದವರು ಆರ್ಟ್ಸು, ಕೈಕೆಲಸ ಬಲ್ಲವರು ಐಟಿಐ. ಇಷ್ಟ ಕೇಳುವ ಕಾಲಂ ಈ ಪಟ್ಟಿಯಲ್ಲಿಲ್ಲ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ನನಗೆ ಒಳ್ಳೆಯ ಅಂಕ ಬಂದದ್ದೇ ತಪ್ಪಾಯಿತು. ಸೈನ್ಸಿನ ಪಿಸಿಎಂಬಿ ಎಂದು ಊರೇ ತೀರ್ಮಾನಿಸಿತು. ನಮ್ಮ ಶಾಲೆಯಿಂದ ಪಿಯುಸಿ ಸೈನ್ಸಿಗೆ ಹೋದ ಅಕ್ಕ ಒಬ್ಬಳು ಹೇಳಿದ್ದು: ಇಲ್ಲಿ ಪೀನ ಮಸೂರ, ನಿಮ್ನ ಮಸೂರ ಎಂದು ಕಲಿತವರು ಅಲ್ಲಿ ಇಡೀ ಬೆಳಕಿನ ಪಾಠವನ್ನು ಇಂಗ್ಲಿಷಿನಲ್ಲಿ ಇನ್ನೊಮ್ಮೆ ಕಲಿಯಬೇಕು, ಮೊದಲ ಮೂರು ತಿಂಗಳು ಬೆಳಕೇ ಕಾಣುವುದಿಲ್ಲ, ಆಮೇಲೆ ಅಭ್ಯಾಸವಾಗುತ್ತದೆ. ಅವಳು ಈಗ ಚೆನ್ನಾಗಿ ಓದುತ್ತಿದ್ದಾಳೆ. ಹಾಗಾಗಿ ಸೈನ್ಸ್ ಬೇಡವೆನ್ನಲು ಭಯ ನನ್ನ ಕಾರಣವಲ್ಲ.

ಬರುವ ಸಲಹೆಗಳನ್ನೆಲ್ಲ ಎದುರಿಸಲು ಕನ್ನಡ ಪತ್ರಿಕೆಯ ಇನ್ನೊಂದು ಪ್ರಶ್ನೆ ನನ್ನ ನೆರವಿಗೆ ಬಂತು: ‘ಸಂದರ್ಭ ಸಹಿತ ಸ್ವಾರಸ್ಯ ವಿವರಿಸಿ’. ಯಾರು, ಯಾವಾಗ, ಯಾಕೆ ಹೇಳಿದರು ಎಂದು ಬಿಡಿಸಿ ಬರೆದರೆ ಎಂಥ ದೊಡ್ಡ ಮಾತೂ ಅಂಕೆಗೆ ಸಿಗುತ್ತದೆ. ದೀಪಾವಳಿಯ ದಿನ ಕೇಳಿದ ಒಂದು ಮಾತಿಗೆ ಉತ್ತರ ಹೀಗಿದೆ.

“ಸೈನ್ಸ್ ತಗೊಂಡ್ರೆ ಎಲ್ಲಾ ದಾರಿನೂ ತೆರೆದಿರುತ್ತೆ.”

ಆಯ್ಕೆ: ಪ್ರಸ್ತುತ ವಾಕ್ಯವನ್ನು ಬೆಂಗಳೂರಿನ ಅತ್ತೆಯು ರಚಿಸುತ್ತಲೇ ಇರುವ ‘ನಮ್ಮ ಕಾಲದಲ್ಲಿ’ ಎಂಬ ಬೃಹತ್ ಕೃತಿಯಿಂದ ಆರಿಸಿಕೊಳ್ಳಲಾಗಿದೆ.

ಸಂದರ್ಭ: ಹಬ್ಬಕ್ಕೆ ತವರಿಗೆ ಬಂದ ಅತ್ತೆಯು ಎರಡನೇ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿರುವಾಗ, ಪಿಸಿಎಂಬಿ ಓದಿ, ಎಂಜಿನಿಯರಿಂಗ್ ಮುಗಿಸಿ, ಕಂಪನಿ ಕೆಲಸಕ್ಕೆ ಸೇರಿ, ಅದನ್ನು ಬಿಟ್ಟು ಈಗ ಮನೆಯಲ್ಲೇ ಕೇಕ್ ಮಾಡಿ ಮಾರುತ್ತಿರುವ ತನ್ನ ಮಗಳ ಪ್ರಸ್ತಾಪ ಬಂದು, ಕೂಡಲೇ ವಿಷಯ ಬದಲಿಸುವ ಸಂದರ್ಭದಲ್ಲಿ ಈ ಮಾತನ್ನು ಹೇಳುತ್ತಾಳೆ.

ಸ್ವಾರಸ್ಯ: ಸೈನ್ಸ್ ತೆಗೆದುಕೊಂಡರೆ ಕೇಕ್ ಮಾಡುವ ದಾರಿಯೂ ಮುಚ್ಚಿರುವುದಿಲ್ಲ ಎಂಬುದು ಇಲ್ಲಿ ಸ್ವಾರಸ್ಯಪೂರ್ಣವಾಗಿ ವ್ಯಕ್ತವಾಗಿದೆ. ಅಕ್ಕನ ಕೇಕ್ ಬಹಳ ಚೆನ್ನಾಗಿರುತ್ತದೆ ಎಂಬುದನ್ನೂ ಇಲ್ಲಿ ಗಮನಿಸಬಹುದು.

ಇದನ್ನು ಗೆಳತಿಗೆ ತೋರಿಸಿದೆ. ಮೂರಕ್ಕೆ ಮೂರು ಕೊಟ್ಟಳು.

ಅತ್ತೆಯದ್ದಾದರೆ ಹಬ್ಬ ಮುಗಿದರೆ ಮುಗಿಯಿತು. ಅಪ್ಪಯ್ಯನ ವಿಷಯ ಹಾಗಲ್ಲ. ಅವನು ಬಾಯಿಬಿಟ್ಟು ಯಾವತ್ತೂ ಒತ್ತಾಯ ಮಾಡಿದವನಲ್ಲ. ಪೋಷಕರ ಸಭೆಯಲ್ಲಿ ಮುಖ್ಯೋಪಾಧ್ಯಾಯರು ನನ್ನ ಕಡೆ ನೋಡಿ “ಮುಂದೆ ಎಂತ ಓದ್ತೀಯಮ್ಮ?” ಎಂದಾಗ ಮಾತ್ರ, ನಾನು ಉಸಿರೆಳೆದುಕೊಳ್ಳುವುದರೊಳಗೆ, “ಇವಳು ಸೈನ್ಸೇ ಬೇಕು ಅಂತ ಕೂತಿದಾಳೆ ಸಾರ್” ಎಂದುಬಿಟ್ಟ. ಹನ್ನೊಂದನೇ ಶತಮಾನದ ದುರ್ಗಸಿಂಹನ ‘ವೃಕ್ಷಸಾಕ್ಷಿ’ ನಮಗೆ ಪಾಠವಾಗಿದೆ. ಮಗನ ಪರವಾಗಿ ಸಾಕ್ಷಿ ಹೇಳಲು ಅಪ್ಪ ಮರದ ಪೊಟರೆಯೊಳಗೆ ಕೂತು ಮರದ ದನಿಯಲ್ಲಿ ಮಾತಾಡುತ್ತಾನೆ. ಅಲ್ಲಿ ಹೋಗಿ ಕೂರು ಎಂದು ದುಂಬಾಲು ಬಿದ್ದವನು ಮಗ ದುಷ್ಟಬುದ್ಧಿ. ಅಪ್ಪ ಪ್ರೇಮಮತಿಗೆ ಮನಸ್ಸೇ ಇರಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಹೇಳದೆಯೇ ಅಪ್ಪಯ್ಯ ಪೊಟರೆ ಹೊಕ್ಕಿದ್ದ. ಕತೆಯಲ್ಲಿ ಧರ್ಮಬುದ್ಧಿ ಪೊಟರೆಗೆ ಬೆಂಕಿ ಹಾಕಿಸುತ್ತಾನೆ. ನಾನು ಅಷ್ಟು ಕಟುಕಳಲ್ಲ. ಬೇರೆ ದಾರಿ ಹುಡುಕಬೇಕಾಯಿತು.

ಎದುರು ನಿಂತು ಹೇಳೋಣವೆಂದರೆ ಮೌನ ಬಂಗಾರವೆಂದು ನಾನೇ ಸಾಧಿಸಿಯಾಗಿತ್ತು. ಉಳಿದದ್ದು ಪತ್ರಲೇಖನ. ರಾತ್ರಿ ಕೂತು ಬರೆದೆ. ತೀರ್ಥರೂಪು ಅಪ್ಪಯ್ಯನವರಿಗೆ ನಮಸ್ಕಾರಗಳು, ಇಲ್ಲಿ ಎಲ್ಲರೂ ಕ್ಷೇಮ ಎಂದೆಲ್ಲ ಆದ ಮೇ‍ಲೆ ವಿಷಯ: ನಾನು ಹೆಬಾ ತೆಗೆದುಕೊಳ್ಳುತ್ತೇನೆ. ಹಿಸ್ಟರಿ, ಎಕನಾಮಿಕ್ಸ್, ಬಿಸಿನೆಸ್ ಸ್ಟಡೀಸ್, ಅಕೌಂಟೆನ್ಸಿ. ಆರಿಸಿಕೊಂಡದ್ದಕ್ಕೆ ಅಂಕವಿಲ್ಲ, ಸಮರ್ಥನೆಗೆ ಇದೆ ಎಂಬುದು ಗೊತ್ತಿದ್ದರಿಂದ ಕಾರಣಗಳನ್ನು ಕೆಳಗೆ ಬರೆದೆ. ‘ಬೆಂಗಳೂರಿನಲ್ಲಿ ಸಿಎ ಆದವರು ಎಷ್ಟು ದುಡಿಯುತ್ತಾರೆ’ ಎಂದು ಶುರು ಮಾಡಿ ಹೊಡೆದುಹಾಕಿದೆ. ಅದು ಅತ್ತೆಯ ಧಾಟಿ. ಸುಲಿತದ ಪುಸ್ತಕದ ಆ ಒಂದು ಡಬ್ಬದ ಕತೆ ಬರೆದೆ. ಓದುವಾಗ ಗಡಿಯಾರ ನೋಡುತ್ತೇನೆ, ಲೆಕ್ಕ ಬರೆಯುವಾಗ ನೋಡುವುದಿಲ್ಲ ಎಂದು ಬರೆದೆ. ವಿಜ್ಞಾನ ಕಷ್ಟವೆಂದು ಹೆದರಿ ಬಿಡುತ್ತಿಲ್ಲ, ಬೇಕಾದರೆ ಪರೀಕ್ಷೆಯಲ್ಲಿ ಅದರ ಅಂಕ ನೋಡಿ ಎಂದೂ ಸೇರಿಸಿದೆ. ‘ಇಂತಿ ನಿಮ್ಮ ಪ್ರೀತಿಯ ಮಗಳು’ ಎಂದು ಸಹಿ ಹಾಕಿ ಎಲೆಅಡಿಕೆ ತಟ್ಟೆಯ ಕೆಳಗಿಟ್ಟೆ. ನಮ್ಮ ಮನೆಯಲ್ಲಿ ಇದಕ್ಕಿಂತ ಭದ್ರವಾದ ಅಂಚೆಪೆಟ್ಟಿಗೆ ಇಲ್ಲ.

ಬೆಳಿಗ್ಗೆ ಅಪ್ಪಯ್ಯ ಕನ್ನಡಕ ಹಾಕಿಕೊಂಡು ಅದನ್ನು ಓದಿದ. ಆಮೇಲೆ ಮಡಿಸಿ ಜೇಬಿಗಿಟ್ಟುಕೊಂಡು ತೋಟಕ್ಕೆ ಹೋದ. ಮಧ್ಯಾಹ್ನ ಊಟಕ್ಕೆ ಕೂತಾಗ, “ದಿನಾಂಕ ಎಲ್ಲೇ? ಅರ್ಧ ಅಂಕ ಹೋತು” ಎಂದ. ಇನ್ನೂ ಸ್ವಲ್ಪ ಅನ್ನ ಹಾಕಿಸಿಕೊಂಡು, “ಆ ಒಂದು ಡಬ್ಬದ್ದು ನಂಗೆ ಗೊತ್ತೇ ಇರ್ಲಿಲ್ಲ. ಹೋದ ವರ್ಷವೂ ಹಿಂಗೇ ಆಗಿತ್ತೇನ ನೋಡು” ಎಂದ. ಹೆಬಾದ ವಿಷಯಕ್ಕೆ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಸಂಜೆ ಹಳೆಯ ಸುಲಿತದ ಪುಸ್ತಕಗಳ ಕಟ್ಟನ್ನು ಅಟ್ಟದಿಂದ ಇಳಿಸಿ ನನ್ನ ಮೇಜಿನ ಮೇಲಿಟ್ಟಿದ್ದ. ಪರೀಕ್ಷೆ ಮುಗಿದ ಮೇಲೆ ಎಂದು ಅಮ್ಮ ಅವನ್ನು ಮತ್ತೆ ಅಟ್ಟಕ್ಕೆ ಹಾಕಿದಳು.

ಈಗ ಮನೆಯ ಮುಂದೆ ಒಂದೇ ಪ್ರಶ್ನೆ ಉಳಿದಿದೆ, ಅತ್ತೆಗೆ ಹೇಳುವುದು ಯಾರು? ಇದಕ್ಕೆ ಆಯ್ಕೆ ಇಲ್ಲ, ಕಡ್ಡಾಯ ಪ್ರಶ್ನೆ. ನೀನೇ ಹೇಳು, ನಿನ್ನ ತಂಗಿ ಎಂದು ಅಮ್ಮ. ಹೆಂಗಸರು ಹೆಂಗಸರು ಮಾತಾಡಿಕೊಂಡರೆ ಚೆಂದ ಎಂದು ಅಪ್ಪಯ್ಯ. ನಾನು ಬೇಕಾದರೆ ಪತ್ರ ಬರೆದುಕೊಡುತ್ತೇನೆ, ಈ ಸಲ ದಿನಾಂಕ ಹಾಕುತ್ತೇನೆ ಎಂದೆ. ದನಿಯಿಲ್ಲದ ಧಾರಾವಾಹಿಯಿಂದ ಕಣ್ಣು ತೆಗೆಯದೆ ಅಜ್ಜಿ, “ಅಡ್ಮಿಷನ್ ಆಗ್ಲಿ. ಫೀಸ್ ಕಟ್ಟಿದ ಮೇಲೆ ಹೇಳಿದ್ರೆ ಅವ್ಳು ದುಡ್ಡು ದಂಡ ಮಾಡು ಅನ್ನೋಳಲ್ಲ” ಎಂದಳು. ತನ್ನ ಮಗಳನ್ನು ಅಜ್ಜಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ? ಸರ್ವಾನುಮತದಿಂದ ಒಪ್ಪಿಗೆಯಾಯಿತು.